ಹೆಸರು ಬಿಟ್ಟುಕೊಡದ ರಾಬರ್ಟೊ

ನಾನು ಬೇಸ್‌ಬಾಲ್ ನೋಡಿ ಬೆಳೆದವನಲ್ಲ. ಪುಣೆಯಲ್ಲಿ ಕೂತು ಅಮೆರಿಕದ ಪಿಟ್ಸ್‌ಬರ್ಗ್ ನಗರದವರೊಂದಿಗೆ ಕೆಲಸ ಮಾಡುವಾಗ, ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಹೆಸರಿನ ಬೆನ್ನು ಹತ್ತಿದೆ. ಅದು ರಾಬರ್ಟೊ ಕ್ಲೆಮೆಂಟೆ.

ಅವರು ಆಡಿದ ಪಿಟ್ಸ್‌ಬರ್ಗ್ ಪೈರೇಟ್ಸ್ 1887ರಿಂದ ನ್ಯಾಷನಲ್ ಲೀಗ್‌ನಲ್ಲಿರುವ ತಂಡ. ಬೇರೆ ತಂಡದ ಆಟಗಾರನನ್ನು ಸೆಳೆದುಕೊಂಡಿತೆಂದು ಎದುರಾಳಿಗಳು ಕಡಲ್ಗಳ್ಳರೆಂದು ಜರೆದರೆ, ಅದನ್ನೇ ಹೆಸರಾಗಿ ಇಟ್ಟುಕೊಂಡ ತಂಡವದು. ಜರ್ಮನ್ ವಲಸಿಗರ ಮಗ ಹೋನಸ್ ವ್ಯಾಗ್ನರ್ ಎಂಟು ಬಾರಿ ಲೀಗಿನ ಬ್ಯಾಟಿಂಗ್ ಕಿರೀಟ ತೊಟ್ಟದ್ದು ಇಲ್ಲೇ. ಕ್ಲೆಮೆಂಟೆ ಬರುವ ಹೊತ್ತಿಗೆ ಆ ವೈಭವ ಮಾಸಿತ್ತು. ತಂಡ ಕೊನೆಯ ಸ್ಥಾನಕ್ಕೆ ಅಂಟಿಕೊಂಡಿತ್ತು.

ಅವರು ಹುಟ್ಟಿದ್ದು 1934ರ ಆಗಸ್ಟ್ 18ರಂದು, ಕೆರಿಬಿಯನ್ ದ್ವೀಪ ಪೋರ್ಟೊರಿಕೊದ ಕರೊಲಿನಾದಲ್ಲಿ. ಅಪ್ಪ ಕಬ್ಬಿನ ಗದ್ದೆಯಲ್ಲಿ ಆಳುಗಳ ಮೇಸ್ತ್ರಿ. ರಾಬರ್ಟೊ ಮನೆಗೆ ಕೊನೆಯ ಮಗ. ದ್ವೀಪ ಅಮೆರಿಕದ ಆಡಳಿತದಲ್ಲಿದ್ದುದರಿಂದ 1955ರಲ್ಲಿ ಪಿಟ್ಸ್‌ಬರ್ಗ್‌ಗೆ ಬರಲು ವೀಸಾ ಬೇಕಿರಲಿಲ್ಲ. ಹುಟ್ಟಿನಿಂದಲೇ ಆ ದೇಶದ ಪ್ರಜೆ. ಆದರೂ ಹೊರಗಿನವರೇ. ಒಂದೇ ದೇಶದೊಳಗೆ ಭಾಷೆ ಬದಲಾದರೆ ಏನಾಗುತ್ತದೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೈಬಣ್ಣ ಕಪ್ಪು, ಮಾತು ಸ್ಪ್ಯಾನಿಷ್. ಫ್ಲಾರಿಡಾದ ತರಬೇತಿ ಶಿಬಿರಕ್ಕೆ ಹೋದರೆ ಬಿಳಿಯ ಆಟಗಾರರು ಉಳಿಯುವ ಹೋಟೆಲಿನಲ್ಲಿ ಜಾಗವಿಲ್ಲ. ಪತ್ರಿಕೆಗಳು ಅವರ ಇಂಗ್ಲಿಷನ್ನು ತಪ್ಪು ಉಚ್ಚಾರದ ಸಮೇತ ಅಚ್ಚುಹಾಕಿ ನಗುತ್ತಿದ್ದವು. ಕಾರು ಅಪಘಾತದಲ್ಲಿ ಪೆಟ್ಟಾದ ಬೆನ್ನು ನೋಯುತ್ತದೆಂದರೆ ನೆಪವೆಂದು ಆಡಿಕೊಂಡರು. ರಾಬರ್ಟೊ ಎನ್ನಲು ನಾಲಿಗೆ ಹೊರಳದವರು ಬಾಬ್ ಎಂದರು. ಆಟಗಾರರ ಚಿತ್ರವಿರುವ ಕಾರ್ಡುಗಳಲ್ಲೂ ವರ್ಷಗಟ್ಟಲೆ ಹಾಗೇ ಅಚ್ಚಾಯಿತು. ತಮ್ಮ ಹೆಸರು ರಾಬರ್ಟೊ ಎಂದು ಅವರು ತಿದ್ದುತ್ತಲೇ ಇದ್ದರು. ಪುಣೆಯ ಅರ್ಜಿಗಳ ಸರ್‌ನೇಮ್ ಖಾನೆಯಲ್ಲಿ ಊರ ಹೆಸರು ಬರೆಯುವುದೋ ಅಪ್ಪನ ಹೆಸರೋ ಎಂದು ತಡಕಾಡುವ ನನ್ನಂಥವರಿಗೆ ಈ ಹಟ ಸಣ್ಣದೆನಿಸುವುದಿಲ್ಲ.

ಅವರ ಜಾಗ ಬಲಬದಿಯ ಹೊರಮೈದಾನ. ನಮ್ಮ ಲೆಕ್ಕದಲ್ಲಿ ಬೌಂಡರಿ ಬಳಿಯ ಫೀಲ್ಡರ್. ಅಷ್ಟು ದೂರದಿಂದ ಎಸೆದ ಚೆಂಡು ಓಡುವವನಿಗಿಂತ ಮೊದಲೇ ಬೇಸ್ ತಲುಪುತ್ತಿತ್ತು. 1961ರಿಂದ ಸತತ 12 ವರ್ಷ ಫೀಲ್ಡಿಂಗಿಗೆ ಗೋಲ್ಡ್ ಗ್ಲವ್ ಪ್ರಶಸ್ತಿ, ನಾಲ್ಕು ಬ್ಯಾಟಿಂಗ್ ಕಿರೀಟ, 1966ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನ ಪಟ್ಟ. ತಂಡ 1960 ಮತ್ತು 1971ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ, ಎರಡೂ ಸರಣಿಗಳ ಏಳೇಳು ಪಂದ್ಯಗಳಲ್ಲಿ ಅವರ ಹಿಟ್ ಇಲ್ಲದ ಪಂದ್ಯವೇ ಇಲ್ಲ. 1971ರಲ್ಲಿ ಗೆದ್ದ ಕೂಡಲೇ ಟಿವಿ ನೇರಪ್ರಸಾರದಲ್ಲಿ, ಇಂಗ್ಲಿಷಿನಲ್ಲಿ ಆಟದ ಮಾತಾಡುವ ಮೊದಲು, ಸ್ಪ್ಯಾನಿಷಿನಲ್ಲಿ ಅಪ್ಪ ಅಮ್ಮನ ಆಶೀರ್ವಾದ ಕೇಳಿದರು.

1972ರ ಸೆಪ್ಟೆಂಬರ್ 30ರಂದು 3,000ನೇ ಹಿಟ್ ಬಂತು. ಆ ಗಡಿ ಮುಟ್ಟಿದ ಹನ್ನೊಂದನೆಯವರು ಅವರು. ಲೀಗ್ ಪಂದ್ಯಗಳಲ್ಲಿ ಅದೇ ಅವರ ಕೊನೆಯ ಹಿಟ್.

ಡಿಸೆಂಬರ್ 23ರಂದು ನಿಕರಾಗುವಾದ ರಾಜಧಾನಿ ಮನಾಗುವಾ ಭೂಕಂಪಕ್ಕೆ ನೆಲಸಮವಾಯಿತು. ಕ್ಲೆಮೆಂಟೆ ಊರಲ್ಲಿ ಹಣ, ಔಷಧಿ, ಆಹಾರ ಕೂಡಿಸಿ ಕಳಿಸಿದರು. ಸಾಮಾನು ಅಲ್ಲಿನ ಸೈನಿಕರ ಪಾಲಾಗುತ್ತಿದೆಯೆಂದು ಕೇಳಿ, ಮುಂದಿನ ವಿಮಾನದಲ್ಲಿ ತಾವೇ ಹೊರಟರು. ತಾವಿದ್ದರೆ ಕದಿಯಲು ಯಾರೂ ಕೈಚಾಚಲಾರರೆಂಬ ನಂಬಿಕೆ. ಡಿಸೆಂಬರ್ 31ರ ರಾತ್ರಿ, ಮಿತಿಮೀರಿ ಹೇರಿದ್ದ ಆ ಹಳೆಯ ವಿಮಾನ ಸ್ಯಾನ್ ಹುವಾನ್‌ನಿಂದ ಏರಿದ ಸ್ವಲ್ಪ ಹೊತ್ತಿಗೇ ಕಡಲಿಗೆ ಬಿತ್ತು. ಐವರಲ್ಲಿ ಯಾರೂ ಉಳಿಯಲಿಲ್ಲ. ಕ್ಲೆಮೆಂಟೆಗೆ 38 ವರ್ಷ. ತಂಡದ ಗೆಳೆಯ ಮ್ಯಾನಿ ಸ್ಯಾಂಗಿಯೆನ್ ಶ್ರದ್ಧಾಂಜಲಿ ಸಭೆಗೆ ಹೋಗಲಿಲ್ಲ. ಮುಳುಗುಗಾರರ ಜೊತೆ ನೀರಿಗಿಳಿದು ಹುಡುಕಿದರು. ದೇಹ ಸಿಗಲೇ ಇಲ್ಲ.

ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಸೇರಲು ಐದು ವರ್ಷ ಕಾಯಬೇಕೆಂಬ ನಿಯಮವನ್ನು ಅವರಿಗಾಗಿ ಬದಿಗಿಟ್ಟು 1973ರಲ್ಲೇ ಸೇರಿಸಿಕೊಂಡರು. ಲ್ಯಾಟಿನ್ ಅಮೆರಿಕದಿಂದ ಅವರೇ ಮೊದಲಿಗರು. ಆದರೆ ಕಂಚಿನ ಫಲಕದಲ್ಲಿ ರಾಬರ್ಟೊ ವಾಕರ್ ಕ್ಲೆಮೆಂಟೆ ಎಂದು ಕೆತ್ತಿದ್ದರು. ಅವರ ಕಡೆಯ ಪದ್ಧತಿಯಂತೆ ಅಪ್ಪನ ಮನೆತನದ ಹೆಸರು ಮೊದಲು, ಅಮ್ಮನದು ಕೊನೆಗೆ. 2000ದಲ್ಲಿ ಫಲಕವನ್ನು ಹೊಸದಾಗಿ ಎರಕ ಹೊಯ್ದರು. ಈಗ ಅಲ್ಲಿರುವ ಹೆಸರು ರಾಬರ್ಟೊ ಕ್ಲೆಮೆಂಟೆ ವಾಕರ್.