ಬರಿಗಾಲಲ್ಲೇ ನಡೆದ ಬರಹಗಾರ

ಮೈಸೂರಿನ ನಮ್ಮ ರಾಮಕೃಷ್ಣನಗರದಿಂದ ನಂಜನಗೂಡಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಆದರೆ ಆ ನಂಜನಗೂಡಿನಿಂದ ಹೊರಟ ಒಬ್ಬ ಹುಡುಗನಿಗೆ ತನ್ನ ನಿಜವಾದ ದಾರಿ ಸಿಗಲು ಐವತ್ತು ವರ್ಷ ಬೇಕಾಯಿತು. ಆ ಹುಡುಗನೇ ಜಿ.ವಿ. ಅಯ್ಯರ್.

1917ರ ಸೆಪ್ಟೆಂಬರ್ 3ರಂದು ಹುಟ್ಟಿದ ಅವರು ಎಂಟನೇ ವಯಸ್ಸಿಗೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ನಾವೆಲ್ಲ ಮಗ್ಗಿ ಬಾಯಿಪಾಠ ಮಾಡುತ್ತಿದ್ದ ವಯಸ್ಸು ಅದು. 1943ರಲ್ಲಿ ‘ರಾಧಾರಮಣ’ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರೂ ನಾಯಕನಟರಾಗಲಿಲ್ಲ. ಕೈ ಹಿಡಿದದ್ದು ಲೇಖನಿ. 1954ರ ‘ಬೇಡರ ಕಣ್ಣಪ್ಪ’ಕ್ಕೆ ಅವರು ಬರೆದರು. ಆ ಚಿತ್ರ ರಾಜಕುಮಾರ್ ಅವರನ್ನು ನಾಯಕರನ್ನಾಗಿಸಿತು. ಬರೆದವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಕಲಾವಿದರಿಗೆ ಕೈತುಂಬ ಕೆಲಸವಿರಲಿಲ್ಲ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಅಯ್ಯರ್ ಸೇರಿ ಸಂಘ ಕಟ್ಟಿಕೊಂಡು, ನಾಟಕಗಳನ್ನಾಡಿದರು. 1960ರಲ್ಲಿ ತಾವೇ ನಿರ್ಮಾಪಕರಾಗಿ ‘ರಣಧೀರ ಕಂಠೀರವ’ ಮಾಡಿದರು. ಬರೆದವರು ಅಯ್ಯರ್. ನಮ್ಮ ಮೈಸೂರಿನ ಅರಸನ ಕಥೆ ಗೆದ್ದಿತು.

ನಂತರ ಅವರು ನಿರ್ದೇಶಕರಾದರು. ‘ಭೂದಾನ’, ‘ತಾಯಿ ಕರುಳು’, ‘ಪೋಸ್ಟ್ ಮಾಸ್ಟರ್’, ‘ಕಿಲಾಡಿ ರಂಗ’, ‘ಮೈಸೂರು ಟಾಂಗ’ ಹೀಗೆ ಅರವತ್ತರ ದಶಕದಲ್ಲಿ ಸಾಲು ಸಾಲು ಚಿತ್ರಗಳು. ಇಂದು ನನ್ನ ಗೆಳೆಯರಲ್ಲಿ ಇವುಗಳಲ್ಲಿ ಒಂದನ್ನೂ ನೋಡಿದವರಿಲ್ಲ. ಅಯ್ಯರ್ ಅಲ್ಲಿಗೇ ನಿಂತಿದ್ದರೆ ಹಳೆಯ ಹೆಸರುಗಳ ಪಟ್ಟಿಯಲ್ಲಿ ಇನ್ನೊಂದು ಹೆಸರಾಗುತ್ತಿದ್ದರು.

ಅವರು ನಿಲ್ಲಲಿಲ್ಲ, ದಾರಿ ಬದಲಿಸಿದರು. 1971ರಲ್ಲಿ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ಕ್ಕೆ ಹಣ ಹೂಡಿ, ನಿರ್ದೇಶನವನ್ನು ತಮಗಿಂತ ಎಷ್ಟೋ ಕಿರಿಯರಾದ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರಿಗೆ ಬಿಟ್ಟುಕೊಟ್ಟರು. ಆ ಇಬ್ಬರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಿರಿಯರಿಗೆ ಜಾಗ ಬಿಟ್ಟು, ಅವರಿಂದಲೇ ಕಲಿಯಲು ದೊಡ್ಡ ಮನಸ್ಸು ಬೇಕು. 1975ರಲ್ಲಿ ತ.ರಾ.ಸು. ಕಾದಂಬರಿ ಆಧರಿಸಿ ‘ಹಂಸಗೀತೆ’ ಮಾಡಿದಾಗ ಅಯ್ಯರ್ ಅವರಿಗೆ ಐವತ್ತೆಂಟು. ಸಂಗೀತಗಾರನೊಬ್ಬನ ಆ ಕಥೆ ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಹಾಡುಗಳಿಗಾಗಿ ಬಾಲಮುರಳಿಕೃಷ್ಣ ಅವರಿಗೂ ಪ್ರಶಸ್ತಿ ಬಂತು.

ಬೇರೆಯವರಾಗಿದ್ದರೆ ನಿವೃತ್ತರಾಗುತ್ತಿದ್ದರು. ಅಯ್ಯರ್ 1983ರಲ್ಲಿ ‘ಆದಿ ಶಂಕರಾಚಾರ್ಯ’ ತಂದರು. ಅದು ಸಂಸ್ಕೃತದ ಮೊದಲ ಚಲನಚಿತ್ರ. ಯಾರು ನೋಡುತ್ತಾರೆ ಎಂಬ ಪ್ರಶ್ನೆ ಸಹಜ. ಆದರೆ ಅದಕ್ಕೆ ಸಿಕ್ಕಿದ್ದು ನಾಲ್ಕು ರಾಷ್ಟ್ರಪ್ರಶಸ್ತಿ. ಅದರಲ್ಲಿ ಒಂದು ಚಿತ್ರಕಥೆಗೆ, ಅಂದರೆ ಸ್ವತಃ ಅಯ್ಯರ್ ಅವರಿಗೆ. ಬರಹಗಾರನಾಗಿ ಶುರು ಮಾಡಿದವರಿಗೆ ಬರವಣಿಗೆಯ ಆ ಗೌರವ ಬಂದದ್ದು ಅರವತ್ತೈದು ದಾಟಿದ ಮೇಲೆ! ಮುಂದೆ ಕನ್ನಡದಲ್ಲಿ ‘ಮಧ್ವಾಚಾರ್ಯ’, ತಮಿಳಿನಲ್ಲಿ ‘ರಾಮಾನುಜಾಚಾರ್ಯ’ ಮಾಡಿದರು. ಮತ್ತೆ ಸಂಸ್ಕೃತದಲ್ಲಿ ತೆಗೆದ ‘ಭಗವದ್ಗೀತೆ’ ದೇಶದ ಅತ್ಯುತ್ತಮ ಚಿತ್ರವೆನಿಸಿತು.

ಚಪ್ಪಲಿ ಹಾಕದೆ ಓಡಾಡುತ್ತಿದ್ದ ಈ ಕನ್ನಡದ ಭೀಷ್ಮ 2003ರ ಡಿಸೆಂಬರ್ 21ರಂದು ಮುಂಬೈಯಲ್ಲಿ ತೀರಿಕೊಂಡರು. ರಾಮಾಯಣವನ್ನು ತೆರೆಗೆ ತರುವ ಆಸೆ ಹಾಗೇ ಉಳಿಯಿತು.

ನಾನು ಬಿ.ಇ. ಓದುತ್ತಿದ್ದೇನೆ. ಇಪ್ಪತ್ತೆರಡಕ್ಕೆ ಪ್ಲೇಸ್‌ಮೆಂಟ್ ಆಗದಿದ್ದರೆ ಬದುಕೇ ಮುಗಿಯಿತು ಎನ್ನುವ ಮಾತು ಕ್ಯಾಂಟೀನಿನಲ್ಲಿ ದಿನವೂ ಕೇಳುತ್ತೇನೆ. ಮೊದಲೆಲ್ಲ ಆ ಮಾತಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಐವತ್ತೆಂಟರಲ್ಲಿ ‘ಹಂಸಗೀತೆ’ ಮಾಡಿದ ನಂಜನಗೂಡಿನ ಆ ಬರಿಗಾಲಿನ ಮನುಷ್ಯ ನೆನಪಾಗುತ್ತಾರೆ. ಓದಲು ಕೂರುತ್ತೇನೆ.