ಕೋಳಿಗೂಡಿನ ಜಾಲರಿಯಲ್ಲಿ ಟಿವಿ ಹಿಡಿಸಿದ ವಿಕ್ರಮ್ ಸಾರಾಭಾಯಿ

ತೊಂಡೇಬಾವಿ ಸ್ಟೇಷನ್‌ನಲ್ಲಿ ಇಳಿದು ಊರೊಳಗೆ ನಡೆದರೆ ಈಗಲೂ ಒಂದೆರಡು ಹಳೇ ಮಾಳಿಗೆ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಕಾಣಬಹುದು. ಅದರಲ್ಲಿ ಈಗ ಏನೂ ಬರಲ್ಲ. ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದು 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವನ್ನೂ ಮುಚ್ಚಿತು. ಕೇಬಲ್‌ಗೆ ಇನ್ನೂ ಮೊದಲೇ ಗಡುವು ಬಿದ್ದಿತ್ತು: ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್, ನಮ್ಮಂಥ ಹಳ್ಳಿಗಳಿಗೆ 2017ರ ಮಾರ್ಚ್. ಟಿವಿನೇ ಬಿಸಾಕಬೇಕೇನೋ ಅಂತ ಹೆದರಿದವರೂ ಇದ್ದರು. ಹಾಗೇನೂ ಆಗಲಿಲ್ಲ. ಮಧ್ಯೆ ಒಂದು ಸೆಟ್ ಟಾಪ್ ಬಾಕ್ಸ್ ಬಂತು, ಕೆಂಪು-ಬಿಳಿ-ಹಳದಿ ಪಿನ್ನಿನ ವೈರ್ ಹಾಕಿದರು, ಅದೇ ಹಳೇ ಡಬ್ಬಾ ಟಿವಿಯಲ್ಲಿ ಹೊಸ ಪ್ರಸಾರ ಬಂತು.

ಮನೆ ಟಿವಿಯನ್ನು ಹಾಗೇ ಇಟ್ಟು, ಅದಕ್ಕೆ ಅರ್ಥವಾಗದ ಸಿಗ್ನಲ್ ಅನ್ನು ಒಂದು ಪೆಟ್ಟಿಗೆ ಮೂಲಕ ಅರ್ಥಮಾಡಿಸೋ ಈ ಉಪಾಯ ನಮ್ಮ ರಾಜ್ಯಕ್ಕೆ ಹೊಸದಲ್ಲ. 1975ರಲ್ಲೇ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಇದು ನಡೆದಿತ್ತು. ಅದರ ಹಿಂದಿದ್ದ ತಲೆ ಸಾರಾಭಾಯಿಯವರದ್ದು. ಅವರೆಂದರೆ ರಾಕೆಟ್ ಅಂತಲೇ ಓದಿರ್ತೀವಿ. ನನ್ನ ಲೆಕ್ಕದಲ್ಲಿ ಅವರ ಜೀವನದ ಅರ್ಧ ಕಥೆ ಟಿವಿಯದ್ದು.

1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ, ಕ್ಯಾಲಿಕೋ ಮಿಲ್ಲಿನ ಒಡೆಯರ ಮನೆಯಲ್ಲಿ ಹುಟ್ಟಿದರು. ದುಡ್ಡಿಗೆ ಕೊರತೆ ಇರಲಿಲ್ಲ. ತಾಯಿ ಸರಳಾದೇವಿ ಮಕ್ಕಳಿಗಾಗಿ ಮನೆಯಲ್ಲೇ ಶಾಲೆ ನಡೆಸಿದರು. ಕೇಂಬ್ರಿಡ್ಜ್‌ಗೆ ಹೋಗಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯ್ತು, ವಾಪಸ್ ಬಂದರು. ಬಂದು ಸೇರಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್. ಗುರು ಸಿ.ವಿ. ರಾಮನ್, ಕೆಲಸ ಕಾಸ್ಮಿಕ್ ಕಿರಣಗಳ ಮೇಲೆ. ಹೋಮಿ ಭಾಭಾ ಕೂಡ ಆಗ ಅಲ್ಲೇ ಇದ್ದರು. ನೃತ್ಯಗಾತಿ ಮೃಣಾಲಿನಿಯವರ ಪರಿಚಯ ಆಗಿದ್ದೂ ಬೆಂಗಳೂರಿನಲ್ಲೇ; 1942ರಲ್ಲಿ ಮದುವೆಯಾದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜ್‌ಗೆ ಹೋಗಿ 1947ರಲ್ಲಿ ಪಿಎಚ್‌ಡಿ ಮುಗಿಸಿದರು. ಅದೇ ವರ್ಷ ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾಲಯ ಶುರು ಮಾಡಿದರು. ಆಮೇಲೆ ಜವಳಿ ಸಂಶೋಧನಾ ಸಂಸ್ಥೆ, ಐಐಎಂ, ತುಂಬಾ ರಾಕೆಟ್ ಕೇಂದ್ರ. ಚರ್ಚ್ ಕಟ್ಟಡದಲ್ಲಿ ಆಫೀಸು, ಸೈಕಲ್ ಮೇಲೆ ರಾಕೆಟ್ ಭಾಗ, ಈ ಫೋಟೋಗಳು ಎಲ್ಲರ ಮೊಬೈಲಿಗೂ ಬಂದಿರುತ್ತವೆ, ಬಿಟ್ಟುಬಿಡೋಣ.

1966ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಣುಶಕ್ತಿ ಆಯೋಗದ ಅಧ್ಯಕ್ಷಗಿರಿ ಸಾರಾಭಾಯಿ ಹೆಗಲಿಗೆ ಬಿತ್ತು. ನಮ್ಮ ಗೌರಿಬಿದನೂರಿನಲ್ಲಿ ಭೂಕಂಪನ ಅಳೆಯೋ ಸಾಲು ಉಪಕರಣಗಳ ಕೇಂದ್ರ ಇದೆಯಲ್ಲ, ದೂರದ ದೇಶದಲ್ಲಿ ಅಣುಸ್ಫೋಟ ಆದರೂ ನೆಲದ ನಡುಕದಿಂದ ಪತ್ತೆ ಹಚ್ಚುತ್ತದಲ್ಲ, ಅದೂ ಅಣುಶಕ್ತಿ ಇಲಾಖೆಯದ್ದೇ. ಅಂದರೆ ಆ ಐದಾರು ವರ್ಷ ನಮ್ಮ ತಾಲ್ಲೂಕಿನ ಒಂದು ತುಂಡು ನೆಲ ಅವರ ಉಸ್ತುವಾರಿಯಲ್ಲಿತ್ತು.

ಆಗ ದೇಶದಲ್ಲಿ ಟಿವಿ ಇದ್ದದ್ದು ದೆಹಲಿ ಒಂದರಲ್ಲೇ. ಊಟಕ್ಕೇ ಕಷ್ಟ ಇರೋ ದೇಶಕ್ಕೆ ಟಿವಿ ಯಾಕೆ ಅನ್ನೋದು ದೊಡ್ಡ ತಕರಾರು, ಅನ್ಯಾಯದ ತಕರಾರೇನೂ ಅಲ್ಲ. ಸಾರಾಭಾಯಿ ವಾದ ಇದರ ಉಲ್ಟಾ. ಮೇಷ್ಟ್ರು ಹೋಗದ, ಕೃಷಿ ಅಧಿಕಾರಿ ಹೋಗದ ಹಳ್ಳಿಗೇ ಟಿವಿ ಮೊದಲು ಬೇಕು, ಪೇಟೆಗೆ ಆಮೇಲೆ. ಟವರ್ ಮೇಲೆ ಟವರ್ ಕಟ್ಟುತ್ತಾ ಹೋದರೆ ಪೇಟೆ ದಾಟಿ ಹಳ್ಳಿ ಮುಟ್ಟೋಕೆ ದಶಕಗಳು ಬೇಕು. ಆಕಾಶದಿಂದ ಬಿಟ್ಟರೆ ದೆಹಲಿಯೂ ಒಂದೇ, ದೇವದುರ್ಗವೂ ಒಂದೇ. ಬರೀ ವಾದ ಮಾಡಿ ಕೂರಲಿಲ್ಲ. 1967ರ ಜನವರಿ 26ರಂದು ದೆಹಲಿ ಸುತ್ತಿನ 80 ಹಳ್ಳಿಗಳಲ್ಲಿ ಟಿವಿ ಇಟ್ಟು ರೈತರಿಗೆ ಕೃಷಿದರ್ಶನ ಶುರುವಾಯ್ತು, ಅದರಲ್ಲಿ ಅವರ ಇಲಾಖೆಯ ಕೈ ಇತ್ತು. 1969ರ ಆಗಸ್ಟ್‌ನಲ್ಲಿ ಇಸ್ರೋ ಹುಟ್ಟಿತು. ಮುಂದಿನ ತಿಂಗಳೇ ನಾಸಾ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಉಪಗ್ರಹ ಅವರದ್ದು, ಒಂದು ವರ್ಷ ಸಾಲ. ನೆಲದ ಮೇಲಿನ ಪೂರಾ ಕೆಲಸ ನಮ್ಮದು, ಕಾರ್ಯಕ್ರಮಗಳೂ ನಮ್ಮವೇ.

ನಾವು ಎಂಜಿನಿಯರಿಂಗ್‌ನವರು ನಿಂತು ನೋಡಬೇಕಾದ್ದು ಇಲ್ಲಿ. ಎಟಿಎಸ್-6 ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ, ಎಫ್ಎಂ. ಯಾಕೆ ಎಫ್ಎಂ? 36 ಸಾವಿರ ಕಿಲೋಮೀಟರ್ ದೂರದಿಂದ ಬರೋ ಹೊತ್ತಿಗೆ ಸಿಗ್ನಲ್‌ನಲ್ಲಿ ಜೀವವೇ ಇರಲ್ಲ. ಬ್ಯಾಂಡ್‌ವಿಡ್ತ್ ಜಾಸ್ತಿ ಖರ್ಚು ಮಾಡಿದರೆ ಕಡಿಮೆ ಪವರ್‌ನಲ್ಲೇ ಚಿತ್ರ ದಕ್ಕುತ್ತೆ. ಆದರೆ ಮಾಮೂಲಿ ಟಿವಿಗೆ ಎಫ್ಎಂ ಚಿತ್ರ ಗೊತ್ತಿಲ್ಲ, ಅದು ಎಎಂ ನಿರೀಕ್ಷೆ ಮಾಡೋದು. ಹಾಗಾಗಿ ಟಿವಿ ಮುಂದೆ ಒಂದು ಪರಿವರ್ತಕ ಇಟ್ಟರು. ಇವತ್ತಿನ ಸೆಟ್ ಟಾಪ್ ಬಾಕ್ಸಿನ ತಾತ ಅಂದ್ಕೊಳ್ಳಿ. ಇನ್ನು ಡಿಶ್: ಸುಮಾರು ಮೂರು ಮೀಟರ್ ಅಗಲ. ಅಷ್ಟು ದೊಡ್ಡದನ್ನು ಅಲ್ಯೂಮಿನಿಯಂ ತಗಡಲ್ಲಿ ಮಾಡಿ ಹಳ್ಳಿಹಳ್ಳಿಗೆ ಕೊಡೋಕಾಗುತ್ತಾ? ಕೋಳಿಗೂಡಿಗೆ ಹೊಡೆಯೋ ತಂತಿ ಜಾಲರಿ ಸಾಕು ಅಂತ ಅಹಮದಾಬಾದಿನ ಎಂಜಿನಿಯರುಗಳು ಲೆಕ್ಕ ಹಾಕಿದರು. 860 ಮೆಗಾಹರ್ಟ್ಸ್‌ನ ತರಂಗಾಂತರ 35 ಸೆಂಟಿಮೀಟರ್. ಜಾಲರಿಯ ತೂತು ಅದರ ಮುಂದೆ ಎಷ್ಟು ಚಿಕ್ಕದು ಅಂದರೆ ತರಂಗಕ್ಕೆ ಅದು ಗೋಡೆ ಥರಾನೇ. ಗಾಳಿ ಮಾತ್ರ ಆ ಕಡೆಯಿಂದ ಈ ಕಡೆ ಆರಾಮಾಗಿ ದಾಟುತ್ತೆ, ಬಿರುಗಾಳಿಗೆ ಡಿಶ್ ಬೀಳೋ ಭಯವೂ ಕಡಿಮೆ.

ಇಷ್ಟೆಲ್ಲ ಕೂಡಿಬರೋದನ್ನ ಸಾರಾಭಾಯಿ ನೋಡಲಿಲ್ಲ. 1971ರ ಡಿಸೆಂಬರ್ 30ರಂದು, ತುಂಬಾ ಕೆಲಸಕ್ಕೆ ಹೋಗಿ ಕೋವಳಂನಲ್ಲಿ ಉಳಿದಿದ್ದವರು, ರಾತ್ರಿ ಮಲಗಿದವರು ಏಳಲಿಲ್ಲ. ವಯಸ್ಸು 52. ಅಣುಶಕ್ತಿ, ಬಾಹ್ಯಾಕಾಶ ಎರಡನ್ನೂ ಒಬ್ಬರೇ ಹೊತ್ತು, ಊರಿಂದೂರಿಗೆ ಓಡಾಡಿ ಕೆಲಸ ಮಾಡುತ್ತಿದ್ದರು. ಅಷ್ಟು ಹೊರೆ ಒಬ್ಬ ಮನುಷ್ಯನ ಮೇಲೆ ಹಾಕಿದ್ದೇ ತಪ್ಪು ಅಂತ ನನಗನ್ನಿಸುತ್ತೆ. ನಾಯಕ ಹೋದ ಮೇಲೆ ಇಂಥ ಯೋಜನೆಗಳು ಕಡತದಲ್ಲೇ ಸಾಯೋದು ನಮಗೆ ಹೊಸದಲ್ಲ. ಇದು ಸಾಯಲಿಲ್ಲ. ಸತೀಶ್ ಧವನ್ ಇಸ್ರೋ ವಹಿಸಿಕೊಂಡರು, ಯಶ್ ಪಾಲ್ ಮತ್ತು ಏಕನಾಥ್ ಚಿಟ್ನಿಸ್ ಅಹಮದಾಬಾದಿನಲ್ಲಿ ನಿಂತು ಕೆಲಸ ಮುಗಿಸಿದರು.

1975ರ ಆಗಸ್ಟ್ 1ಕ್ಕೆ ಪ್ರಸಾರ ಶುರು. ಆರು ರಾಜ್ಯ, ಸುಮಾರು 2,400 ಹಳ್ಳಿ. ಹಿಂದುಳಿದ ಜಿಲ್ಲೆಗಳನ್ನೇ ಹುಡುಕಿ ಆರಿಸಿದ್ದರು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು ಕುಣಿತ. ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸೋ ಅನುಕೂಲ ಇತ್ತು, ಎರಡು ಭಾಷೆಯ ಹಳ್ಳಿಗಳು ಒಂದೇ ಪಾಠ ನೋಡಬಹುದಿತ್ತು. ರಾಯಚೂರಿನಿಂದ ಆ ಉಪಗ್ರಹ ಪಶ್ಚಿಮದ ಕಡೆ, ದಿಗಂತದಿಂದ 38 ಡಿಗ್ರಿ ಮೇಲೆ ಬರುತ್ತೆ. ಅದು 35 ಡಿಗ್ರಿ ಪೂರ್ವ ರೇಖಾಂಶದಲ್ಲಿತ್ತು ಅಂತ ಇಟ್ಟುಕೊಂಡು ಮಾಡಿದ ಲೆಕ್ಕ, ನೀವೂ ಮಾಡಿ ನೋಡಿ. ಇವತ್ತು ತೊಂಡೇಬಾವಿಯಲ್ಲಿ ಡಿಡಿ ಫ್ರೀ ಡಿಶ್ ಹಿಡಿಸಬೇಕಾದರೆ 93.5 ಡಿಗ್ರಿಯ ಜಿಸ್ಯಾಟ್-15 ಕಡೆ, ಅಂದರೆ ಆಗ್ನೇಯಕ್ಕೆ ಸುಮಾರು 65 ಡಿಗ್ರಿ ಎತ್ತರಕ್ಕೆ ತಿರುಗಿಸಬೇಕು. ತಿಂಗಳ ಬಾಡಿಗೆ ಇಲ್ಲ. ಒಂದು ಎಚ್ಚರಿಕೆ: ಅನಲಾಗ್‌ನಲ್ಲಿ ಡಿಶ್ಶೋ ಆಂಟೆನಾನೋ ಸ್ವಲ್ಪ ಸೊಟ್ಟಗಿದ್ದರೂ ಗ್ರೇನ್ಸ್ ಜೊತೆ ಏನೋ ಒಂದು ಕಾಣ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ, ಬಂದರೆ ಪೂರ್ತಿ, ಇಲ್ಲಾಂದ್ರೆ ನೀಲಿ ಪರದೆ. ಮಾಳಿಗೆ ಮೇಲೆ ಒಬ್ಬರು, ಟಿವಿ ಮುಂದೆ ಒಬ್ಬರು ನಿಂತು ಕೂಗಾಡೋದು ಮಾತ್ರ ಎರಡಕ್ಕೂ ಒಂದೇ.

1976ರ ಜುಲೈ 31ಕ್ಕೆ ಸಾಲದ ಅವಧಿ ಮುಗೀತು, ಉಪಗ್ರಹವನ್ನು ಅಮೆರಿಕದವರು ವಾಪಸ್ ಕಡೆಗೆ ಸರಿಸಿಕೊಂಡರು, ಪರದೆಗಳು ಖಾಲಿಯಾದವು. ಹಳ್ಳಿಯವರಿಗೆ ತೋರಿಸಿ ಕಿತ್ತುಕೊಂಡಂತೆ ಆಗಬಾರದು ಅಂತ ಕೆಲವು ಕಡೆ ನೆಲದ ಟ್ರಾನ್ಸ್‌ಮಿಟರ್ ಹಾಕಿದರು. ಅದರಲ್ಲಿ ಗುಲ್ಬರ್ಗವೂ ಒಂದು, 1977ರಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ರಾಜಧಾನಿಗಿಂತ ನಾಲ್ಕು ವರ್ಷ ಮೊದಲೇ ಗುಲ್ಬರ್ಗದ ಸುತ್ತಿನ ಹಳ್ಳಿಗಳು ಟಿವಿ ನೋಡ್ತಿದ್ದವು.