ವಿಷಗಾಳಿ ಕುಡಿದ ಮಾಸ್ತರು

ಶಹಾಪುರ ಕಡೆ ಬಾವಿಗೆ ಜಿಗಿದು, ಯಾರು ಹೆಚ್ಚು ಹೊತ್ತು ಮುಳುಗಿರ್ತಾರ ಅಂತ ಪಂದ್ಯ ಕಟ್ಟಿದವರು ನಮ್ಮೊಳಗ ಎಷ್ಟೋ ಮಂದಿ. ಎದೆ ಒಡೆದಂಗಾಗಿ ಮೇಲೆ ಬರ್ತೀವಲ್ಲ, ಅದಕ್ಕೆ ಮುಖ್ಯ ಕಾರಣ ಆಕ್ಸಿಜನ್ ಮುಗಿದದ್ದಲ್ಲ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರಿದ್ದು. ಉಸಿರಾಟದ ಲಗಾಮು ಈ ಅನಿಲದ ಕೈಯಲ್ಲಿದೆ ಎಂದು 1905ರಲ್ಲಿ ಜೆ.ಜಿ. ಪ್ರೀಸ್ಟ್ಲಿ ಜೊತೆ ಅಳೆದು ತೋರಿಸಿದವರು ಆಕ್ಸ್‌ಫರ್ಡಿನ ಮಾಸ್ತರು ಜಾನ್ ಸ್ಕಾಟ್ ಹಾಲ್ಡೇನ್.

ಹುಟ್ಟಿದ್ದು 1860, ಎಡಿನ್‌ಬರೋ. ಓದಿದ್ದು ವೈದ್ಯಕೀಯ, ಲ್ಯಾಬ್ ಅಂದ್ರೆ ಗಣಿ. ಸುರಪುರದಿಂದ ಕೃಷ್ಣೆ ದಾಟಿ ಹಟ್ಟಿ ಚಿನ್ನದ ಗಣಿಗೆ ದುಡಿಯಲು ಹೋಗುವವರ ಮನೆಯಲ್ಲಿ ಈ ಕಥೆ ಬೇಗ ಅರ್ಥವಾಗುತ್ತೆ. 1896ರಲ್ಲಿ ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸಿಡಿದು 57 ಮಂದಿ ಸತ್ತರು. ಹೆಣಗಳನ್ನು ಪರೀಕ್ಷಿಸಿದ ಹಾಲ್ಡೇನ್, ಹೆಚ್ಚಿನವರನ್ನು ಕೊಂದದ್ದು ಸ್ಫೋಟವಲ್ಲ, ಆಮೇಲೆ ಹಬ್ಬಿದ ಕಾರ್ಬನ್ ಮಾನಾಕ್ಸೈಡ್ ಎಂದರು. ಆ ವಿಷಗಾಳಿಯನ್ನು ಮೊದಲೇ ತಾವೇ ಉಸಿರಾಡಿ, ಕಾಲು ತಡವರಿಸುವ ತನಕ ಲಕ್ಷಣ ಬರೆದಿಟ್ಟಿದ್ದರು! ಗಣಿಗೆ ಇಲಿ, ಕ್ಯಾನರಿ ಹಕ್ಕಿ ಒಯ್ಯಿರಿ ಅಂದರು. ಸಣ್ಣ ಜೀವ ಮೊದಲು ಬಿದ್ದರೆ ಮನುಷ್ಯನಿಗೆ ಓಡಲು ಟೈಮ್ ಸಿಗುತ್ತೆ.

ಮಗನನ್ನೂ ಬಿಡಲಿಲ್ಲ. ಗಣಿಯೊಳಗೆ ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಭಾಷಣ ಒಪ್ಪಿಸು ಅಂದರು. ಹುಡುಗ ಅರ್ಧಕ್ಕೇ ಕುಸಿದ. ಮೀಥೇನ್ ಹಗುರ, ಮೇಲೆ ನಿಂತಿತ್ತು. ನೆಲದ ಹತ್ರ ಗಾಳಿ ಚಲೋ ಇತ್ತು. (ನಮ್ಮ ವೈವಾ ಎಷ್ಟೋ ವಾಸಿ.) ಆ ಹುಡುಗನೇ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್.

1913ರಲ್ಲಿ ಆಕ್ಸ್‌ಫರ್ಡಿನ ಪ್ರೊಫೆಸರ್ ಹುದ್ದೆ ಶೆರಿಂಗ್ಟನ್ ಪಾಲಾಯಿತು. ಹಾಲ್ಡೇನ್ ಪಾಠ ಬಿಟ್ಟು ಪೂರ್ತಿ ಗಣಿ ಸಂಶೋಧನೆಗೆ ಇಳಿದರು. ಕೊನೆಗೆ 75ನೇ ವಯಸ್ಸಿನಲ್ಲಿ, ಬಿಸಿಲಿಗೆ ಕುಸಿಯುತ್ತಿದ್ದ ಎಣ್ಣೆ ಕಾರ್ಮಿಕರನ್ನು ನೋಡಲು ಪರ್ಷಿಯಾ, ಇರಾಕಿಗೆ ಹೋಗಿ ಬಂದರು; 1936ರ ಮಾರ್ಚಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.